ತಂತಿ ಅವರದು, ಗಾಳಿ ದೇವರದು, ಜನರೇಟರ್ ನಮ್ಮದು

ದಕ್ಷಿಣ ಕ್ಯಾಲಿಫೋರ್ನಿಯಾದ ಕನ್ನಡಿಗನ ಗ್ಯಾರೇಜಿನಲ್ಲಿ ಈಗ ಮೂರು ವಸ್ತುಗಳಿರಲೇಬೇಕು. ಒಂದು, ಬ್ಯಾಟರಿ ಕಾರು. ಎರಡು, ಊರಿನಿಂದ ಬಂದ ಖಾಲಿ ಸೂಟ್‌ಕೇಸುಗಳ ಗುಡ್ಡೆ. ಮೂರು, ಕೆಂಪು ಬಣ್ಣದ ಪುಟ್ಟ ಹೋಂಡಾ ಜನರೇಟರ್. ಮೊದಲೆರಡು ಇಲ್ಲದವನನ್ನು ಹೊಸಬ ಅನ್ನುತ್ತಾರೆ; ಮೂರನೆಯದು ಇಲ್ಲದವನನ್ನು ಹೆಂಡತಿ ಮಕ್ಕಳ ಮೇಲೆ ನಿಗಾ ಇಲ್ಲದವನು ಅನ್ನುತ್ತಾರೆ. ತುಮಕೂರು, ಹಾಸನ, ಗದಗದ ಲೋಡ್ ಶೆಡ್ಡಿಂಗಿನಲ್ಲಿ ಸೀಮೆಎಣ್ಣೆ ದೀಪ ಹಚ್ಚಿ ಓದಿ, ಇನ್ನು ಸಾಕಪ್ಪಾ ಈ ಕತ್ತಲೆ ಎಂದು ವಿಮಾನ ಹತ್ತಿದವರು ಇವರೇ. ತನ್ನನ್ನು ತಾನು ಜಗತ್ತಿನ ನಾಲ್ಕನೆಯ ದೊಡ್ಡ ಆರ್ಥಿಕತೆ ಎಂದು ಕರೆದುಕೊಳ್ಳುವ ರಾಜ್ಯಕ್ಕೆ ಬಂದು, ಹಗ್ಗ ಎಳೆದು ಎಂಜಿನ್ ಸ್ಟಾರ್ಟ್ ಮಾಡುವುದನ್ನು ಯೂಟ್ಯೂಬ್ ನೋಡಿ ಕಲಿಯುತ್ತಿದ್ದಾರೆ.

ಇಲ್ಲಿ ಕರೆಂಟ್ ಹೋಗುವುದು ಅಣೆಕಟ್ಟೆ ಬತ್ತಿದ್ದಕ್ಕಲ್ಲ, ಕಲ್ಲಿದ್ದಲು ಬಾರದ್ದಕ್ಕಲ್ಲ. ಗಾಳಿ ಬೀಸಿದ್ದಕ್ಕೆ. ಸಾಂಟಾ ಆನಾ ಎಂಬ ಒಣಗಾಳಿ ಮರುಭೂಮಿಯ ಕಡೆಯಿಂದ ಗುಡ್ಡ ಇಳಿದು ಸಮುದ್ರಕ್ಕೆ ನುಗ್ಗುವಾಗ ಹುಲ್ಲು ಹಪ್ಪಳವಾಗಿರುತ್ತದೆ, ತಂತಿ ಕಿಡಿ ಹಾರಿಸುತ್ತದೆ. 2007ರ ಅಕ್ಟೋಬರ್‌ನಲ್ಲಿ ಸ್ಯಾನ್ ಡಿಯಾಗೊ ಜಿಲ್ಲೆಯಲ್ಲಿ ಹಬ್ಬಿದ ವಿಚ್ ಕಾಳ್ಗಿಚ್ಚು ಹುಟ್ಟಿದ್ದು ಅಲ್ಲಿನ ವಿದ್ಯುತ್ ಕಂಪನಿ ಎಸ್‌ಡಿಜಿ ಅಂಡ್ ಇ ತಂತಿಗಳಿಂದ. ಸಾವಿರಕ್ಕೂ ಹೆಚ್ಚು ಮನೆ ಬೂದಿಯಾದವು. ಇಂದು ನಮ್ಮ ಎಂಜಿನಿಯರುಗಳು ಮನೆ ಕೊಳ್ಳಲು ಮುಗಿಬೀಳುವ ರಾಂಚೊ ಬರ್ನಾರ್ಡೊ ಬಡಾವಣೆಯಲ್ಲಿ ಬೀದಿಗೆ ಬೀದಿಯೇ ಹೋಯಿತು.

ಆಮೇಲೆ ನಡೆದದ್ದು ಇನ್ನೂ ಸ್ವಾರಸ್ಯ. ವಿಮೆ, ಪರಿಹಾರ ಎಲ್ಲ ಕಳೆದು ಕಂಪನಿಯ ತಲೆಯ ಮೇಲೆ ಉಳಿದದ್ದು ಸುಮಾರು 37.9 ಕೋಟಿ ಡಾಲರ್. ಅದನ್ನು ಗ್ರಾಹಕರ ಬಿಲ್ಲಿಗೆ ಸೇರಿಸಲು ಅಪ್ಪಣೆ ಕೊಡಿ ಎಂದು ಕಂಪನಿ ವಿದ್ಯುತ್ ದರ ನಿಯಂತ್ರಿಸುವ ರಾಜ್ಯದ ಆಯೋಗಕ್ಕೆ ಅರ್ಜಿ ಹಾಕಿತು. ಮನೆ ಸುಟ್ಟುಕೊಂಡವರೂ ಗ್ರಾಹಕರೇ ಎಂಬುದು ಅದಕ್ಕೆ ಮರೆತಿರಬೇಕು. ಊರು ಸುಟ್ಟರೂ ಹನುಮಂತರಾಯ ಹೊರಗೆ ಎಂಬುದನ್ನು ಕೇಳಿದ್ದೆವು. ಊರು ಸುಟ್ಟ ಮೇಲೆ ಹನುಮಂತರಾಯನೇ ಬೆಂಕಿಪೊಟ್ಟಣದ ಬಿಲ್ ಕಳಿಸಿದ್ದನ್ನು ಇಲ್ಲೇ ನೋಡಿದ್ದು. 2017ರಲ್ಲಿ ಆಯೋಗ ಆಗದು ಎಂದಿತು. ಕಂಪನಿ ಅಮೆರಿಕದ ಸುಪ್ರೀಂ ಕೋರ್ಟಿನ ಬಾಗಿಲವರೆಗೂ ಹೋಯಿತು. 2019ರಲ್ಲಿ ಕೋರ್ಟು ಮೇಲ್ಮನವಿಯನ್ನು ಕೈಗೆತ್ತಿಕೊಳ್ಳಲೇ ಇಲ್ಲ.

ಅಷ್ಟರಲ್ಲಿ ಕಂಪನಿ ಅಗ್ಗದ ದಾರಿಯೊಂದನ್ನು ಕಂಡುಕೊಂಡಿತ್ತು. ಗಾಳಿ ಜೋರಾದರೆ ಸ್ವಿಚ್ ಆರಿಸುವುದು. ಆ ಅಧಿಕಾರ ನಿಮಗಿದೆ ಎಂದು 2012ರಲ್ಲಿ ಆಯೋಗವೂ ಒಪ್ಪಿತು. ಅದಕ್ಕೆ ‘ಸಾರ್ವಜನಿಕ ಸುರಕ್ಷತಾ ವಿದ್ಯುತ್ ನಿಲುಗಡೆ’ ಎಂದು ಹೆಸರು. ನಮ್ಮ ಬೆಸ್ಕಾಂಗೆ ಇಷ್ಟು ಉದ್ದದ ಹೆಸರು ಹೊಳೆದಿದ್ದರೆ ಸಬ್‌ಸ್ಟೇಷನ್ನುಗಳ ಮುಂದೆ ಅಷ್ಟೊಂದು ಧರಣಿಗಳು ಆಗುತ್ತಿರಲಿಲ್ಲ.

ನ್ಯಾಯವಾಗಿ ಹೇಳಬೇಕಾದ ಮಾತನ್ನೂ ಹೇಳಬೇಕು: ಸತ್ತ ತಂತಿಯಿಂದ ಕಿಡಿ ಹಾರುವುದಿಲ್ಲ. ಗಾಳಿಯ ವೇಗ ಅಳೆಯಲು ಕಂಪನಿ ಗುಡ್ಡಗಳಲ್ಲಿ 200ಕ್ಕೂ ಹೆಚ್ಚು ಹವಾಮಾನ ಕೇಂದ್ರಗಳನ್ನು ನಿಲ್ಲಿಸಿದೆ. ಇದರಿಂದ ಜೀವ ಉಳಿದಿರಬಹುದು, ಮನೆ ಉಳಿದಿರಬಹುದು. ತಕರಾರು ಸ್ವಿಚ್ಚಿನ ಮೇಲಲ್ಲ, ಖಾತೆಯ ಮೇಲೆ. ತಂತಿ ಕಿಡಿಯಿಟ್ಟು ಮನೆ ಸುಟ್ಟರೆ ಅದು ಕಂಪನಿಯ ಲೆಕ್ಕ. ತಂತಿ ಆರಿಸಿ ಫ್ರಿಜ್ಜಿನ ಇನ್ಸುಲಿನ್ ಕೆಟ್ಟರೆ ಅದು ನಮ್ಮ ಲೆಕ್ಕ. ಸ್ವಿಚ್ ಆರಿದ ಆ ಕ್ಷಣದಲ್ಲಿ ಒಂದು ದೊಡ್ಡ ಕಂಪನಿಯ ಅಪಾಯ ಸಾವಿರಾರು ಪುಟ್ಟ ಅಡುಗೆಮನೆಗಳಿಗೆ ವರ್ಗವಾಗುತ್ತದೆ. ರಾಮೋನಾ, ಜೂಲಿಯನ್ ಕಡೆಯ ಗುಡ್ಡಗಾಡಿನವರಿಗೆ ಇನ್ನೂ ಕಷ್ಟ: ಬೋರ್‌ವೆಲ್ ನಂಬಿದ ಮನೆಯಲ್ಲಿ ಕರೆಂಟ್ ಹೋದರೆ ನೀರೂ ಹೋಯಿತು. ಬೆಂಕಿ ಬೀಳುವ ದಿನವೇ ನಲ್ಲಿ ಒಣಗಿರುತ್ತದೆ.

ಲಾಸ್ ಏಂಜಲೀಸಿನ ಕಥೆ ಬೇರೆ ಧಾಟಿಯದು. ನಗರದೊಳಗೆ ಕರೆಂಟ್ ಕೊಡುವುದು ನಗರದ್ದೇ ಆದ ಜಲ ಮತ್ತು ವಿದ್ಯುತ್ ಇಲಾಖೆ. ಅದು ಗಾಳಿ ಬಂತೆಂದು ಸ್ವಿಚ್ ಆರಿಸುವುದಿಲ್ಲ. ಗಡಿ ದಾಟಿದರೆ ಸದರ್ನ್ ಕ್ಯಾಲಿಫೋರ್ನಿಯಾ ಎಡಿಸನ್ ರಾಜ್ಯಭಾರ, ಅದು ಆರಿಸುತ್ತದೆ. 2025ರ ಜನವರಿ 7ರಂದು ಆಲ್ಟಡೀನಾ ಬಳಿ ಈಟನ್ ಕಣಿವೆಯಲ್ಲಿ ಬೆಂಕಿ ಹೊತ್ತಿದಾಗ ಕಣಿವೆಯ ಪಶ್ಚಿಮಕ್ಕೆ ಮನೆಗಳಿಗೆ ಹೋಗುವ ತಂತಿಗಳನ್ನು ಎಡಿಸನ್ ಮೊದಲೇ ಆರಿಸಿತ್ತು. ಕಣಿವೆಯ ಮೇಲೆ ಹಾದುಹೋಗುವ ಹೈ ಟೆನ್ಷನ್ ಲೈನುಗಳಲ್ಲಿ ಮಾತ್ರ ಕರೆಂಟ್ ಹರಿಯುತ್ತಲೇ ಇತ್ತು. ಊರಿನ ದೊಡ್ಡ ಭಾಗವೇ ಉರಿದುಹೋಯಿತು. ತಪ್ಪು ಯಾರದೆಂದು ಕೋರ್ಟುಗಳು ತೀರ್ಮಾನಿಸಲಿ. ಅಮೆರಿಕದ ಕೇಂದ್ರ ಸರ್ಕಾರವೇ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಎಡಿಸನ್ ಮೇಲೆ ಮೊಕದ್ದಮೆ ಹೂಡಿದೆ. ನಮ್ಮಂಥವರಿಗೆ ಉಳಿದ ಪಾಠ ಇಷ್ಟೇ: ಮನೆಯ ಬಲ್ಬು ಆರಿದೆಯೆಂದರೆ ಗುಡ್ಡದ ತಂತಿಯೂ ಆರಿದೆ ಎಂದಲ್ಲ.

‘ನಮ್ಮ ಮನೆ ಮೇಲೆ ಸೋಲಾರ್ ಇದೆ, ನಮಗೇನು?’ ಎನ್ನುವವರನ್ನು ಕಂಡರೆ ಮರುಕವಾಗುತ್ತದೆ. ಗ್ರಿಡ್ಡಿನಲ್ಲಿ ಕರೆಂಟ್ ಹೋದ ಕ್ಷಣ ಸಾಮಾನ್ಯ ಸೋಲಾರ್ ಇನ್ವರ್ಟರ್ ಕೂಡ ಮಲಗುತ್ತದೆ. ಕಂಬ ಹತ್ತಿದ ಲೈನ್‌ಮನ್ನಿಗೆ ಶಾಕ್ ಹೊಡೆಯಬಾರದೆಂದು ಅದನ್ನು ಮಾಡಿರುವುದೇ ಹಾಗೆ. ಬೇರೆ ಬ್ಯಾಟರಿ ಇಲ್ಲದಿದ್ದರೆ ಮಟಮಟ ಮಧ್ಯಾಹ್ನ, ಮಾಡಿನ ಮೇಲೆ ಇಪ್ಪತ್ತು ಪ್ಯಾನೆಲ್ ಬಿಸಿಲು ಕಾಯಿಸುತ್ತಿರುವಾಗ, ಕೆಳಗೆ ಯಜಮಾನ ಮೇಣದ ಬತ್ತಿ ಹುಡುಕುತ್ತಿರುತ್ತಾನೆ. ಪಕ್ಕದಲ್ಲಿ 75 ಯೂನಿಟ್ ಕರೆಂಟ್ ಹೊಟ್ಟೆಯಲ್ಲಿಟ್ಟುಕೊಂಡ ಕಾರು ನಿಂತಿರುತ್ತದೆ. ಒಂದು ಫ್ರಿಜ್ಜನ್ನು ತಿಂಗಳಿಗೂ ಹೆಚ್ಚು ಕಾಲ ನಡೆಸುವಷ್ಟು. ಆದರೆ ಬಹುಪಾಲು ಕಾರುಗಳು ಮನೆಯಿಂದ ಕುಡಿಯುತ್ತವೆಯೇ ಹೊರತು ಮನೆಗೆ ಕೊಡುವುದಿಲ್ಲ. ಹಲ್ಲಿದೆ, ಕಡಲೆಯೂ ಇದೆ. ಬಾಯಿ ತೆರೆಯಲು ಅನುಮತಿ ಇಲ್ಲ.

ಹೀಗೆ ಎಲ್ಲ ದಾರಿ ಮುಚ್ಚಿದ ಮೇಲೆ ಜನರೇಟರ್ ಬರುತ್ತದೆ. ಕೊಳ್ಳುವ ಶಾಸ್ತ್ರ ಮದುವೆಗೆ ಹೆಣ್ಣು ನೋಡುವುದಕ್ಕಿಂತ ದೀರ್ಘ. ಎಕ್ಸೆಲ್ ಶೀಟ್ ತಯಾರಾಗುತ್ತದೆ: ಡೆಸಿಬಲ್ ಎಷ್ಟು, ತೂಕ ಎಷ್ಟು, ಇನ್ವರ್ಟರ್ ಮಾದರಿಯೋ ಅಲ್ಲವೋ. ಕೊನೆಗೆ ಎಲ್ಲರೂ ಕೊಳ್ಳುವುದು ಅದೇ ಹೋಂಡಾ ಇಯು2200ಐ. ಮಿತ್ರರೊಬ್ಬರು ಕೊಂಡು ಮನೆಗೆ ತಂದ ದಿನ ಅವರ ಮಾವನವರು ಅಲ್ಲಿದ್ದರು. ಕೆಇಬಿಯಲ್ಲಿ ಸೆಕ್ಷನ್ ಆಫೀಸರಾಗಿ ನಿವೃತ್ತರಾದವರು. ಆರು ತಿಂಗಳ ವೀಸಾದಲ್ಲಿ ಮೊಮ್ಮಗನನ್ನು ನೋಡಲು ಬಂದಿದ್ದರು.

‘ಅಳಿಯಂದಿರೇ, ಎಷ್ಟು ಕೆವಿಎ?’

‘2,200 ವಾಟ್, ಮಾವ.’

‘ಅದು ಎಳೆದು ಬಿಟ್ಟರೆ. ನಿಂತು ಕೊಡೋದು ಎಷ್ಟು?’

ಅಳಿಯ ಪುಸ್ತಕ ತಿರುವಿದರು. ‘1,800.’

‘ನಿಮ್ಮ ಎ.ಸಿ. ಎಷ್ಟು ಟನ್ನು?’

‘ನಾಲ್ಕು.’

‘ಹಾಗಾದರೆ ಥರ್ಮೋಸ್ಟಾಟಿನ ದೀಪ ಚೆನ್ನಾಗಿ ಉರಿಯುತ್ತೆ, ಬಿಡಿ.’

ಎಕ್ಸೆಲ್ ಶೀಟಿನಲ್ಲಿ ಇಲ್ಲದ ಲೆಕ್ಕವನ್ನು ಮಾವನವರು ಹಾಲಿನ ರಸೀದಿಯ ಹಿಂದೆ ಬರೆದು ಕೊಟ್ಟರು. ಫ್ರಿಜ್ಜು ಓಡುವಾಗ 150ರಿಂದ 200 ವಾಟ್, ಆದರೆ ಕಂಪ್ರೆಸರ್ ಎದ್ದೇಳುವ ಕ್ಷಣಕ್ಕೆ ಅದರ ಹಲವು ಪಟ್ಟು. ಅದಕ್ಕೆ ಜಾಗ ಬಿಡಿ. ವೈಫೈ, ನಾಲ್ಕು ಎಲ್‌ಇಡಿ ಬಲ್ಬು, ಎರಡು ಲ್ಯಾಪ್‌ಟಾಪ್, ಫೋನ್ ಎಲ್ಲ ಸೇರಿ 250 ದಾಟಲ್ಲ. ಇಂಡಕ್ಷನ್ ಒಲೆ ಒಂದೇ 1,800 ನುಂಗುತ್ತೆ, ಅದನ್ನು ಮುಟ್ಟಬೇಡಿ. ಫ್ರಿಜ್ಜಿನ ಬಾಗಿಲು ತೆಗೆಯದಿದ್ದರೆ ನಾಲ್ಕು ತಾಸು ತಣ್ಣಗಿರುತ್ತೆ, ಆದ್ದರಿಂದ ದಿನವಿಡೀ ಓಡಿಸುವ ಅಗತ್ಯವಿಲ್ಲ. ಓಡಿಸಿ, ನಿಲ್ಲಿಸಿ, ಮತ್ತೆ ಓಡಿಸಿ. ಟ್ಯಾಂಕಿಗೆ ಹಿಡಿಯುವುದು 3.6 ಲೀಟರ್, ಕಾಲು ಭಾಗ ಲೋಡಿನಲ್ಲಿ ಎಂಟು ತಾಸು, ಪೂರ್ತಿ ಹೇರಿದರೆ ಮೂರು ತಾಸು ಚಿಲ್ಲರೆ. ಪೆಟ್ರೋಲು ಈಗಲೇ ತಂದಿಡಿ. ಕರೆಂಟ್ ಇಲ್ಲದ ಊರಲ್ಲಿ ಬಂಕಿನ ಪಂಪೂ ನಿಂತಿರುತ್ತೆ.

ಅಳಿಯ ಮಾತ್ರ ಬೇರೆಯೇ ಉಪಾಯ ಹೂಡಿದ್ದರು. ಎರಡೂ ತುದಿಗೆ ಪ್ಲಗ್ ಇರುವ ವೈರ್ ಒಂದನ್ನು ಆನ್‌ಲೈನ್‌ನಲ್ಲಿ ತರಿಸಿ, ಒಂದು ತುದಿ ಜನರೇಟರಿಗೆ, ಇನ್ನೊಂದು ಗೋಡೆಯ ಸಾಕೆಟ್ಟಿಗೆ. ಇಡೀ ಮನೆ ಬೆಳಗುತ್ತದೆ! ಇಂಥ ವೈರುಗಳನ್ನು ಬಳಸಬೇಡಿ ಎಂದು ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ 2022ರಲ್ಲೇ ಎಚ್ಚರಿಸಿದೆ. ಮಾವನವರಿಗೆ ಆಯೋಗ ಬೇಕಿರಲಿಲ್ಲ. ‘ನಿಮ್ಮ ಕರೆಂಟು ಬೀದಿಯ ಟ್ರಾನ್ಸ್‌ಫಾರ್ಮರಿಗೆ ಹಿಮ್ಮುಖವಾಗಿ ಹೋದರೆ ಆಚೆ ಕಡೆ ಸಾವಿರಗಟ್ಟಲೆ ವೋಲ್ಟ್ ಆಗುತ್ತೆ. ಲೈನ್ ಕ್ಲಿಯರ್ ತಗೊಂಡು, ಲೈನ್ ಸತ್ತಿದೆ ಅಂತ ನಂಬಿ ಕಂಬ ಹತ್ತಿರೋನ ಗತಿ ಏನು? ಚೇಂಜ್‌ಓವರ್ ಸ್ವಿಚ್ ಹಾಕಿಸಿ. ಇಲ್ಲಾ, ಎಕ್ಸ್‌ಟೆನ್ಷನ್ ವೈರ್ ಎಳೆದು ಫ್ರಿಜ್ಜಿಗೆ ಮಾತ್ರ ಕೊಡಿ. ನಮ್ಮೂರ ಹಿಟ್ಟಿನ ಗಿರಣಿಯವನಿಗೆ ಗೊತ್ತಿದ್ದ ವಿಷಯ ಇದು, ನೀವು ಎಂ.ಎಸ್. ಮಾಡಿದೀರಿ.’

ಇನ್ನು ಹೊಗೆ. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 100 ಜನ ಇಂಥ ಜನರೇಟರಿನ ಕಾರ್ಬನ್ ಮಾನಾಕ್ಸೈಡಿಗೆ ಬಲಿಯಾಗುತ್ತಾರೆ. ವಾಸನೆ ಇಲ್ಲ, ಬಣ್ಣ ಇಲ್ಲ. ಗ್ಯಾರೇಜಿನ ಬಾಗಿಲು ತೆರೆದಿಟ್ಟರೂ ಸಾಲದು. ಹೊರಗೆ, ಮನೆಯಿಂದ ಕನಿಷ್ಠ 20 ಅಡಿ ದೂರ, ಹೊಗೆಕೊಳವೆ ಆಚೆ ಮುಖ ಮಾಡಿ ಇಡಬೇಕು. ಸರಿಯೇ. ಆದರೆ ನಮ್ಮವರು ಹತ್ತಾರು ಲಕ್ಷ ಡಾಲರ್ ಕೊಟ್ಟು ಕೊಂಡ ಮನೆಗಳ ನಡುವೆ ಹತ್ತಡಿ ಜಾಗವೇ ಹೆಚ್ಚು. ನಮ್ಮ ಮನೆಯಿಂದ 20 ಅಡಿ ಎಂದರೆ ಪಕ್ಕದವರ ಮಲಗುವ ಕೋಣೆಯ ಕಿಟಕಿಯ ಕೆಳಗೆ. ಅವರ ಜನರೇಟರ್ ನಮ್ಮ ಕಿಟಕಿಯ ಕೆಳಗೆ. ಸುರಕ್ಷತೆಯ ನಿಯಮವನ್ನು ಇಬ್ಬರೂ ಚಾಚೂ ತಪ್ಪದೆ ಪಾಲಿಸಿದರೆ ಇಬ್ಬರೂ ಆಸ್ಪತ್ರೆಯಲ್ಲಿ. ಗಲಾಟೆ ಬಡಾವಣೆಯ ಸಂಘಕ್ಕೆ ಹೋದರೆ, ರಾತ್ರಿ ಹತ್ತರ ಮೇಲೆ ಸದ್ದು ಬೇಡ ಎಂದು ಇ-ಮೇಲ್ ಬರುತ್ತದೆ. ಓದಲು ವೈಫೈ ಬೇಕು. ವೈಫೈಗೆ ಜನರೇಟರ್ ಬೇಕು.

ತಿಂಗಳಿಗೊಮ್ಮೆ ಸ್ಟಾರ್ಟ್ ಮಾಡಿ, ಹಳೆಯ ಪೆಟ್ರೋಲು ಚೆಲ್ಲಿ ಎಂದು ಪುಸ್ತಕ ಹೇಳುತ್ತದೆ. ಎಥನಾಲ್ ಬೆರೆತ ಇಲ್ಲಿನ ಪೆಟ್ರೋಲು ಕೆಲವೇ ತಿಂಗಳಲ್ಲಿ ಕೆಟ್ಟು ಕಾರ್ಬ್ಯುರೇಟರಿನಲ್ಲಿ ಗೋಂದಾಗುತ್ತದೆ. ಆದರೆ ನಮ್ಮವರಲ್ಲಿ ವಾರ್ಷಿಕ ಸರ್ವಿಸ್ ಎಂದರೆ ಆಯುಧಪೂಜೆ. ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಮುಡಿಸಿ, ನಿಂಬೆಹಣ್ಣು ಇಟ್ಟರೆ ಮುಗಿಯಿತು. ಸಾಂಟಾ ಆನಾ ಬೀಸುವುದೂ ಹೆಚ್ಚುಕಡಿಮೆ ಆಗಲೇ ಶುರು. ಗಾಳಿ ಬಂದ ರಾತ್ರಿ ಹಗ್ಗ ಎಳೆಯುತ್ತಾರೆ, ಎಳೆಯುತ್ತಾರೆ, ಭುಜ ಹಿಡಿದುಕೊಳ್ಳುತ್ತದೆ. ಕುಂಕುಮ ಮಾತ್ರ ಚೆನ್ನಾಗಿ ಕಾಣುತ್ತಿರುತ್ತದೆ.

ಇಷ್ಟೆಲ್ಲ ಕಲಿಯುವಷ್ಟರಲ್ಲಿ ಸರ್ಕಾರ ಇನ್ನೊಂದು ಹೆಜ್ಜೆ ಇಟ್ಟಿದೆ. 2021ರ ಕಾಯ್ದೆಯ ಬೆನ್ನಲ್ಲೇ ರಾಜ್ಯದ ವಾಯು ಸಂಪನ್ಮೂಲ ಮಂಡಳಿ ಮಾಡಿದ ನಿಯಮದಂತೆ, 2028ರ ಮಾದರಿಯಿಂದ ಕ್ಯಾಲಿಫೋರ್ನಿಯಾದಲ್ಲಿ ಮಾರುವ ಹೊಸ ಪುಟ್ಟ ಜನರೇಟರುಗಳು ಹೊಗೆಯನ್ನೇ ಬಿಡಕೂಡದು. ಹಳೆಯದನ್ನು ಇಟ್ಟುಕೊಳ್ಳಬಹುದು, ಓಡಿಸಬಹುದು. ಮಂಡಳಿಯ ವಾದದಲ್ಲಿ ಹುರುಳಿದೆ: ಎಲೆ ಊದುವ ಪೆಟ್ರೋಲ್ ಯಂತ್ರ ಒಂದು ತಾಸು ಓಡಿದರೆ, ಲಾಸ್ ಏಂಜಲೀಸಿನಿಂದ ಡೆನ್ವರ್‌ವರೆಗೆ 1,100 ಮೈಲಿ ಕಾರು ಓಡಿಸಿದಷ್ಟು ಮಬ್ಬುಹೊಗೆಗೆ ಕಾರಣವಾಗುತ್ತದೆ ಎಂಬುದು ಅದರದೇ ಲೆಕ್ಕ. ಪುಟ್ಟ ಎಂಜಿನ್ನುಗಳು ಕೊಳಕು, ಒಪ್ಪಿದೆವು. ಆದರೆ ರಾಜ್ಯದ ಒಂದು ಕೈ ಸ್ವಿಚ್ ಆರಿಸಲು ಪರವಾನಗಿ ಕೊಡುತ್ತದೆ, ಇನ್ನೊಂದು ಕೈ ಜನರೇಟರ್ ಕಿತ್ತುಕೊಳ್ಳುತ್ತದೆ, ಎರಡೂ ಕೈ ಜೋಡಿಸಿ ಬ್ಯಾಟರಿ ಕೊಳ್ಳಿ ಎಂದು ನಮಸ್ಕರಿಸುತ್ತದೆ. ಗೋಡೆಗೆ ನೇತುಹಾಕುವ ಆ ಬ್ಯಾಟರಿ ಕೂರಿಸುವಷ್ಟರಲ್ಲಿ ಹತ್ತು ಸಾವಿರ ಡಾಲರ್ ಮೀರುತ್ತದೆ. ಬಾಡಿಗೆ ಮನೆಯ ಎರಡನೆಯ ಮಹಡಿಯವನಿಗೆ ಗೋಡೆಯೂ ತನ್ನದಲ್ಲ.

ಇದರ ಮೇಲೆ 2025ರ ಕೊನೆಯಿಂದ ಎಡಿಸನ್, ಎಸ್‌ಡಿಜಿ ಅಂಡ್ ಇ ಎರಡರ ಬಿಲ್ಲಿಗೂ ತಿಂಗಳಿಗೆ ಸುಮಾರು 24 ಡಾಲರ್ ನಿಗದಿತ ಶುಲ್ಕ ಸೇರಿಕೊಂಡಿದೆ. ಯೂನಿಟ್ ದರ ಸ್ವಲ್ಪ ಇಳಿಸುತ್ತೇವೆ ಎಂಬ ಸಮಾಧಾನ ಜೊತೆಗಿದೆ. ಒಂದು ಯೂನಿಟ್ಟೂ ಸುಡದಿದ್ದರೂ ತಂತಿ ಇದೆಯಲ್ಲ, ಅದರ ಬಾಡಿಗೆ.

ಆದ್ದರಿಂದ ನನ್ನದೊಂದು ಸಲಹೆ. ದರ ಏರಿಸಬೇಕೆಂದಾಗ ಕಂಪನಿಗಳು ಆಯೋಗದ ಮುಂದೆ ತಮ್ಮ ಖರ್ಚಿನ ಕಂತೆ ಒಯ್ಯುತ್ತವೆ. ಅಲ್ಲಿ ಸಾರ್ವಜನಿಕರಿಗೂ ಮಾತಾಡಲು ಅವಕಾಶವಿದೆ. ನಾವೂ ಒಯ್ಯೋಣ. ಜನರೇಟರ್, ಸಾವಿರ ಡಾಲರಿನ ಮೇಲೆ. ಚೇಂಜ್‌ಓವರ್ ಸ್ವಿಚ್ಚು ಮತ್ತು ಎಲೆಕ್ಟ್ರಿಷಿಯನ್ ಕೂಲಿ. ಪೆಟ್ರೋಲು, ಕ್ಯಾನು, ಕಾರ್ಬನ್ ಮಾನಾಕ್ಸೈಡ್ ಅಲಾರಂ. ಇನ್ಸುಲಿನ್. ಇಡ್ಲಿ ಹಿಟ್ಟು, ಒಂದು ದೊಡ್ಡ ಪಾತ್ರೆ. ಇವೆಲ್ಲ ತಂತಿಯನ್ನು ಸುರಕ್ಷಿತವಾಗಿಡಲು ಆದ ಖರ್ಚು, ಷೇರುದಾರರಿಂದ ವಸೂಲು ಮಾಡಿಕೊಡಿ ಎಂದು ಅರ್ಜಿ ಬರೆಯೋಣ. ತಿರಸ್ಕರಿಸುತ್ತಾರೆ, ಗೊತ್ತು. ಆದರೆ 37.9 ಕೋಟಿಯ ಅರ್ಜಿಯನ್ನು ಓದಿದಷ್ಟೇ ವ್ಯವಧಾನದಿಂದ ನಮ್ಮದನ್ನೂ ಓದಿ, ಹಿಟ್ಟು ಹುಳಿದದ್ದು ಯಾರ ಖಾತೆಗೆ ಎಂದು ಕಾರಣ ಸಹಿತ ಬರೆದು ತಿರಸ್ಕರಿಸಲಿ.