ಅಲ್ಪವಿರಾಮ ಮೀಮಾಂಸೆ

ಗ್ರಂಥಾರಂಭದಲ್ಲಿ ಇಷ್ಟದೇವತಾಸ್ಮರಣೆ ಶಿಷ್ಟಾಚಾರವಾದ್ದರಿಂದ, ಜಪಾನೀ ಭಾಷೆಯಲ್ಲಿ ದೇಗುಲವೆಂಬ ಅರ್ಥವುಳ್ಳ ‘ಜಿಂಜಾ’ ಎಂಬ ಹೆಸರನ್ನು ತಮ್ಮ ಟೆಂಪ್ಲೇಟ್ ಯಂತ್ರಕ್ಕಿಟ್ಟ ಆರ್ಮಿನ್ ರೊನಾಕರ್ ಅವರನ್ನು ಮೊದಲು ನೆನೆದು, ಉರ್ಸುಲಾ ಲೆ ಗ್ವಿನ್ 1966ರ ಕಾದಂಬರಿಯಲ್ಲಿ ಕಲ್ಪಿಸಿದ ಸಂದೇಶಯಂತ್ರದ ಹೆಸರನ್ನು ಹೊತ್ತು 2012ರಲ್ಲಿ ಅವತರಿಸಿದ, ನೂರು ಸರ್ವರುಗಳಿಗೆ ಒಂದೇ ಅಪ್ಪಣೆಯನ್ನು ಮುಟ್ಟಿಸಬಲ್ಲ ಆನ್ಸಿಬಲ್ಲಿಗೆ ಕೈಮುಗಿದು, ಕಾನ್ಫಿಗ್ ಫೈಲಿನಲ್ಲಿ ಪಟ್ಟಿಯನ್ನು ಬರೆಯತಕ್ಕ ಕ್ರಮವನ್ನು ಮಂದಮತಿಯಾದ ನಾನು ನಿರೂಪಿಸಲು ತೊಡಗುವೆನು.

ಇಲ್ಲಿ ಪೂರ್ವಪಕ್ಷಿಯು ಹೀಗೆನ್ನುವನು: “ಪಟ್ಟಿಯೆಂದರೆ ಪಟ್ಟಿಯೇ. ಅದರ ಹೆಸರನ್ನು ಜೋಡಿ ಪುಷ್ಪಾವರಣದೊಳಗಿಟ್ಟರೆ ಮಿಕ್ಕದ್ದನ್ನು ಯಂತ್ರವೇ ನೋಡಿಕೊಳ್ಳುವುದು, ಇದಕ್ಕೊಂದು ಶಾಸ್ತ್ರವೇಕೆ?” ಸಮಾಧಾನವನ್ನು ಹೇಳುವೆವು. ಹಾಗಿಟ್ಟವನ ಫೈಲಿನಲ್ಲಿ ಮೂಡುವುದು ['10.0.0.2', '10.0.0.3'] ಎಂಬ, ಚೌಕಾವರಣವನ್ನೂ ಉದ್ಧರಣಚಿಹ್ನೆಗಳನ್ನೂ ಧರಿಸಿದ ರೂಪ, ಅದು ಪೈಥಾನು ತನ್ನ ಮನೆಯೊಳಗೆ ಉಡುವ ಪಂಚೆಯೇ ಹೊರತು ಪರರ ಮನೆಗೆ ಉಟ್ಟುಹೋಗುವ ಉಡುಪಲ್ಲ. ಬರಿಯ ವಿಳಾಸವನ್ನೇ ನಿರೀಕ್ಷಿಸಿ ಕುಳಿತ ಪ್ರೋಗ್ರಾಮು ಈ ವೇಷವನ್ನು ಕಂಡು ವಿಳಾಸವೆಂದೇ ಒಪ್ಪದು.

ಆದಕಾರಣ ಸಿದ್ಧಾಂತವಿದು: ಪಟ್ಟಿಗೆ ಸ್ವರೂಪವೆಂಬುದಿಲ್ಲ, ಓದುವವನ ರೂಢಿಯೇ ಅದರ ರೂಪ. ಇದರಲ್ಲಿ ಮತಭೇದಗಳುಂಟು. ಎಂಜಿನ್‌ಎಕ್ಸ್ ಮತದವರು ತಾಣಗಳ ಹೆಸರುಗಳನ್ನು ಬರಿಯ ತೆರಪಿನಿಂದ ಬೇರ್ಪಡಿಸಿ ಕೊನೆಗೊಂದು ಅರ್ಧವಿರಾಮವನ್ನು ಬೇಡುವರು. ಅಭ್ಯಾಸಬಲದಿಂದ ನಡುವೆ ಅಲ್ಪವಿರಾಮವಿಟ್ಟೆವೋ, ಅದನ್ನು ಹೆಸರಿನದೇ ಅಂಗವೆಂದು ಬಗೆದು ಲೋಕದಲ್ಲಿಲ್ಲದ ತಾಣಕ್ಕಾಗಿ ಕಾದಿರುವರು. ಪೋಸ್ಟ್‌ಗ್ರೆಸ್ಸಿನವರು ತಾವು ಕಿವಿಗೊಡಬೇಕಾದ ವಿಳಾಸಗಳನ್ನು ಅಲ್ಪವಿರಾಮಗಳಿಂದ ಹೆಣೆದು, ಇಡಿಯ ಮಾಲೆಯನ್ನು ಒಂದೇ ಜೊತೆ ಉದ್ಧರಣಚಿಹ್ನೆಯೊಳಗಿಡಬೇಕೆನ್ನುವರು. ಲಿನಕ್ಸಿನ ‘ರಿಸಾಲ್ವ್.ಕಾನ್ಫ್’ ಸಂಪ್ರದಾಯದಲ್ಲಾದರೋ ಪ್ರತಿಯೊಂದು ನೇಮ್‌ಸರ್ವರಿಗೂ ಪ್ರತ್ಯೇಕ ಪಂಕ್ತಿಯುಂಟು; ಮೂವರಿಗೆ ಮಾತ್ರ ಎಲೆ ಹಾಕಿ, ನಾಲ್ಕನೆಯವನು ಬಂದಿದ್ದಾನೆಂಬುದನ್ನೇ ಕಾಣದವರಂತೆ ಇದ್ದುಬಿಡುವರು.

ಅಂತ್ಯದ ಅಲ್ಪವಿರಾಮದ ವಿಷಯದಲ್ಲಿ ವಿವಾದವು ಇನ್ನೂ ತೀವ್ರವಾದದ್ದು. ಪೈಥಾನು ಅದನ್ನು ಸಹಿಸುವುದು, ಜೇಸನ್ ಸಹಿಸದು. ಆದ್ದರಿಂದಲೇ ಲೂಪಿನೊಳಗೆ ಪ್ರತಿಯೊಂದು ಸುತ್ತಿನಲ್ಲಿಯೂ ‘ಲೂಪ್.ಲಾಸ್ಟ್’ ಎಂದು, ಇದು ಕಡೆಯದಲ್ಲವಷ್ಟೆ ಎಂದು, ವಿಚಾರಿಸಿಕೊಂಡೇ ಅಲ್ಪವಿರಾಮವನ್ನಿಡಬೇಕಾಗಿದೆ. ಈ ಸಂಕಟವು ಹಳಗನ್ನಡಿಗರಿಗೆ ಇರಲಿಲ್ಲವೆಂಬುದನ್ನು ವಿದ್ವಾಂಸರ ಅವಗಾಹನೆಗೆ ತರಬಯಸುವೆನು. ಅವರು ‘ಮರನುಂ ಬಳ್ಳಿಯುಂ ಪೂವುಂ’ ಎಂದು ಎಲ್ಲಕ್ಕೂ, ಕಡೆಯದಕ್ಕೂ ಸಹ, ತಾರತಮ್ಯವಿಲ್ಲದೆ ‘ಉಂ’ ಎಂಬುದನ್ನು ಹಚ್ಚಿ ನೆಮ್ಮದಿಯಿಂದಿದ್ದರು. ಹದಿಮೂರನೆಯ ಶತಮಾನದ ವೈಯಾಕರಣ ಕೇಶಿರಾಜನು ಜೇಸನ್ನನ್ನು ಕಾಣದೆ ಹೋದದ್ದು ಜೇಸನ್ನಿನ ದೌರ್ಭಾಗ್ಯವೆಂದೇ ನನ್ನ ಮತ.

ಇನ್ನು ಲಕ್ಷಣವಿಚಾರ. ‘ಒಂದೊಂದಾಗಿ ಬಿಡಿಸಬಲ್ಲದ್ದು ಪಟ್ಟಿ’ ಎಂದರೆ ಅತಿವ್ಯಾಪ್ತಿ ದೋಷ ತಟ್ಟುವುದು. ಏಕೆಂದರೆ ಅಕ್ಷರಮಾಲೆಯನ್ನೂ ಒಂದೊಂದಕ್ಷರವಾಗಿ ಬಿಡಿಸಬಹುದು. ದೃಷ್ಟಾಂತ: ಇರುವುದು ಒಂದೇ ವಿಳಾಸವೆಂದು ಉದಾಸೀನನಾಗಿ, ಯಾಮಲ್ ಫೈಲಿನಲ್ಲಿ ಅದರ ಮುಂದಿನ ಅಡ್ಡಗೆರೆಯನ್ನು ಬಿಟ್ಟು ಬರೆದವನೊಬ್ಬನು, ಟೆಂಪ್ಲೇಟಿನಲ್ಲಿ ಅದಕ್ಕೆ ‘ಜಾಯಿನ್’ ಎಂಬ ಫಿಲ್ಟರನ್ನು ಅಲ್ಪವಿರಾಮಸಹಿತ ಪ್ರಯೋಗಿಸಲಾಗಿ, 10.0.0.2 ಎಂಬುದು 1,0,.,0,.,0,.,2 ಎಂದು ಛಿದ್ರವಾಗಿ ಹೊರಬರುವುದು. ಯಂತ್ರವು ದೋಷವೆಂದು ಕೂಗುವುದಿಲ್ಲ. ಹೇಳಿದ್ದನ್ನು ಹೇಳಿದಂತೆ ಮಾಡಿದೆನೆಂಬ ತೃಪ್ತಿಯಲ್ಲಿ ಹಸಿರು ಅಕ್ಷರದಲ್ಲಿಯೋ ಹಳದಿ ಅಕ್ಷರದಲ್ಲಿಯೋ ಮುಂದಿನ ಕಾರ್ಯಕ್ಕೆ ಸಾಗುವುದು.

ಅತಃ ಫಲಶ್ರುತಿ. ಜೇಸನ್ ಬೇಡುವವನಿಗೆ ಅಲ್ಪವಿರಾಮಗಳನ್ನು ಕೈಯಾರೆ ಪೋಣಿಸದೆ ‘ಟು ಜೇಸನ್’ ಫಿಲ್ಟರಿಗೆ ಒಪ್ಪಿಸುವವನೂ, ಹೊಸ ಫೈಲನ್ನು ಸ್ಥಾಪಿಸುವ ಮುನ್ನ ‘ವ್ಯಾಲಿಡೇಟ್’ ಮುಖಾಂತರ ಅದನ್ನೋದುವ ಪ್ರೋಗ್ರಾಮಿಗೇ ತೋರಿಸಿ ಒಪ್ಪಿಗೆ ಪಡೆಯುವವನೂ, ಆ ಒಪ್ಪಿಗೆಯನ್ನೂ ಪೂರ್ತಿ ನಂಬದೆ ‘ಡಿಫ್’ ತೋರುವ ಸಾಲನ್ನು ಸ್ವಂತ ಕಣ್ಣಿನಿಂದ ಓದುವವನೂ ರಾತ್ರಿ ಸುಖವಾಗಿ ನಿದ್ರಿಸುವರು. ಇದಿಷ್ಟನ್ನೂ ಓದಿ ಮರೆತುಬಿಡುವ ವಾಚಕ ಮಹಾಶಯರಲ್ಲಿ ನನ್ನದು ಒಂದೇ ಬಿನ್ನಹ: ವಿಳಾಸವು ಒಂದೇ ಇದ್ದರೂ, ದಯವಿಟ್ಟು, ಅದರ ಮುಂದೊಂದು ಅಡ್ಡಗೆರೆ ಎಳೆಯಿರಿ.