ಎರಡನೇ ರಿಮೋಟು

ಮನೆಗೆ ಎರಡನೆಯವನಾಗಿ ಹುಟ್ಟಿದವನಿಗೆ ಹೊಸದು ಅಂತ ಸಿಗುವುದು ಪೋಲಿಯೋ ಹನಿ ಮಾತ್ರ. ಮಿಕ್ಕಿದ್ದೆಲ್ಲ ಅಣ್ಣನ ಪ್ರಸಾದ. ಅಂಗಿ ಅಣ್ಣನದು, ಕಂಪಾಸ್ ಪೆಟ್ಟಿಗೆ ಅಣ್ಣನದು, ಸಮಾಜ ಪುಸ್ತಕದಲ್ಲಿ ಕಿತ್ತೂರು ಚೆನ್ನಮ್ಮನಿಗೆ ಬರೆದಿದ್ದ ಮೀಸೆ ಕೂಡ ಅಣ್ಣನದೇ. ಅದಕ್ಕೆ ಏಟು ತಿಂದವನು ಮಾತ್ರ ನಾನು.

ತೊಂಬತ್ತರ ದಶಕದ ಒಂದು ಬೇಸಿಗೆ ರಜೆಯಲ್ಲಿ ತಿಪಟೂರಿನ ನಮ್ಮ ಮನೆಗೆ ವಿಡಿಯೋ ಗೇಮ್ ಬಂತು. ನಿಂಟೆಂಡೊ ಕಂಪನಿ 1983ರಲ್ಲಿ ಜಪಾನಿನಲ್ಲಿ ತಂದ ಫ್ಯಾಮಿಕಾಮ್ ಯಂತ್ರದ ನಕಲು ಅದು. ಜೊತೆಗೆ ಬಂದ ಕ್ಯಾಸೆಟ್ಟಿನ ಮೇಲೆ 9999 ಆಟ ಎಂದು ಬರೆದಿತ್ತು. ಅಣ್ಣ ಎರಡು ದಿನ ಕೂತು ಎಣಿಸಿ, ಅದರಲ್ಲಿರುವುದು ಏಳೇ ಆಟ, ಅವೇ ಹೆಸರು ಬದಲಿಸಿಕೊಂಡು ತಿರುತಿರುಗಿ ಬರುತ್ತಿವೆ ಎಂದು ಪತ್ತೆ ಮಾಡಿದ. ಯಂತ್ರಕ್ಕೆ ಎರಡು ರಿಮೋಟು. ಒಂದರಲ್ಲಿ ಎಲ್ಲ ಬಟನ್ನುಗಳೂ ಇದ್ದವು. ಇನ್ನೊಂದರಲ್ಲಿ ಸ್ಟಾರ್ಟೂ ಇಲ್ಲ, ಸೆಲೆಕ್ಟೂ ಇಲ್ಲ. ಅದು ಯಾರಿಗೆ ಸಿಕ್ಕಿತೆಂದು ಬಿಡಿಸಿ ಹೇಳಬೇಕಿಲ್ಲ.

ಎಷ್ಟೋ ವರ್ಷದ ಮೇಲೆ ತಿಳಿಯಿತು, ಜಪಾನಿನ ಮೂಲ ಯಂತ್ರದಲ್ಲೂ ಎರಡನೇ ರಿಮೋಟಿಗೆ ಈ ಬಟನ್ನುಗಳು ಇರಲಿಲ್ಲವಂತೆ. ಬದಲಿಗೆ ಒಂದು ಪುಟ್ಟ ಮೈಕ್ ಇತ್ತಂತೆ. ನಮ್ಮ ನಕಲಿನವರು ಇಲ್ಲದ ಬಟನ್ನನ್ನು ನಿಷ್ಠೆಯಿಂದ ನಕಲು ಮಾಡಿ, ಇದ್ದ ಮೈಕನ್ನು ಕೈಬಿಟ್ಟಿದ್ದರು. ಎರಡನೆಯವನಿಗೆ ಕೂಗಿಕೊಳ್ಳಲು ಇದ್ದ ಒಂದು ದಾರಿಯೂ ಹೋಯಿತು. ಆಟ ನಿಲ್ಲಿಸಬೇಕಾದರೆ ಸ್ಟಾರ್ಟ್ ಒತ್ತಬೇಕು, ಸ್ಟಾರ್ಟ್ ಅಣ್ಣನ ಹೆಬ್ಬೆರಳಿನ ಕೆಳಗೆ. ‘ಅಣ್ಣಾ, ಒಂದಕ್ಕೆ ಅರ್ಜೆಂಟು, ನಿಲ್ಸೋ’ ಎಂದು ಕಾಲು ಹೆಣೆದುಕೊಂಡು ಬೇಡಿದರೆ, ‘ಈ ಸ್ಟೇಜ್ ಮುಗೀಲಿ ತಡಿ’ ಎನ್ನುತ್ತಿದ್ದ.

ನಾವು ಆಡುತ್ತಿದ್ದದ್ದು ಕೊನಾಮಿ ಕಂಪನಿಯ ಕಾಂಟ್ರಾ. ನೀಲಿ ಚಡ್ಡಿಯವನು ಅಣ್ಣ, ಕೆಂಪು ಚಡ್ಡಿಯವನು ನಾನು. ಇಬ್ಬರಿಗೂ ಮೈಮೇಲೆ ಅಂಗಿಯಿಲ್ಲ. ಐದನೇ ಸ್ಟೇಜು ಪೂರಾ ಹಿಮ. ಬತ್ತಿ ಹೊಸೆಯುತ್ತ ಕೂತ ಅಜ್ಜಿ ಅದನ್ನು ನೋಡಿ, ‘ಆ ಮುಂಡೇವಕ್ಕೆ ಬಂದೂಕ ಕೊಟ್ಟೋರು ಒಂದು ಸ್ವೆಟರ್ ಕೊಡಬಾರದಿತ್ತೇ?’ ಎಂದು ಕೇಳಿದ್ದಳು. ಆ ಆಟದ ಬಗ್ಗೆ ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಈವರೆಗೆ ಓದಿಲ್ಲ.

ಕಾಂಟ್ರಾದಲ್ಲಿ ಒಬ್ಬೊಬ್ಬರಿಗೆ ಮೂರು ಲೈಫು. ಟ್ಯೂಷನ್ನಿನ ಹುಡುಗನೊಬ್ಬ ಅಣ್ಣನಿಗೆ ಮಂತ್ರೋಪದೇಶ ಮಾಡಿದ ಮೇಲೆ ಮೂವತ್ತಾಯಿತು. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ ಎಡ ಬಲ, ಬಿ, ಎ. ಕೊನಾಮಿಯ ಕಝುಹಿಸಾ ಹಶಿಮೊಟೊ ಎಂಬಾತ ಗ್ರೇಡಿಯಸ್ ಎಂಬ ಆಟವನ್ನು ಮನೆಯ ಯಂತ್ರಕ್ಕೆ ಇಳಿಸುವಾಗ, ಅದು ತನಗೇ ಕಷ್ಟವಾಯಿತೆಂದು ಪರೀಕ್ಷೆಗಾಗಿ ಹೊಸೆದುಕೊಂಡ ಉಪಾಯವಂತೆ ಇದು. ಆಮೇಲೆ ತೆಗೆಯುವುದನ್ನು ಮರೆತ. ಅದೇ ಮಂತ್ರ ಮುಂದೆ ಕಾಂಟ್ರಾಕ್ಕೂ ಬಂತು. 1986ರಲ್ಲಿ ಜಪಾನಿನ ಒಬ್ಬ ಪುಣ್ಯಾತ್ಮನ ಮರೆವು ತಿಪಟೂರಿನಲ್ಲಿ ನನಗೆ 27 ಲೈಫು ಹೆಚ್ಚಿಗೆ ಕೊಟ್ಟಿತು. ಅವುಗಳಲ್ಲಿ ನನಗೆ ದಕ್ಕಿದ್ದು ಅರ್ಧ. ಒಬ್ಬನ ಲೈಫ್ ಮುಗಿದರೆ ಇನ್ನೊಬ್ಬನ ಖಾತೆಯಿಂದ ಎತ್ತಿಕೊಳ್ಳಬಹುದಿತ್ತಲ್ಲ! ಅಣ್ಣ ಎತ್ತಿಕೊಳ್ಳುತ್ತಿದ್ದ. ಜಲಪಾತದ ಸ್ಟೇಜಿನಲ್ಲಿ ಅವನು ದಡದಡ ಮೇಲಕ್ಕೆ ಹಾರಿದರೆ ಪರದೆಯೂ ಅವನ ಹಿಂದೆಯೇ ಏರಿ, ಕೆಳಗಿದ್ದ ನಾನು ಶತ್ರುವಿನ ನೆರವಿಲ್ಲದೆಯೇ ಸಾಯುತ್ತಿದ್ದೆ. ‘ಮೂವತ್ತು ಜೀವ ಕೊಟ್ರೂ ಪಾಸಾಗಲ್ವಲ್ರೋ’ ಎಂದು ಅಪ್ಪ ಪೇಪರಿನ ಹಿಂದಿನಿಂದ ಹೇಳುತ್ತಿದ್ದರು.

ಮಾರನೇ ರಜೆಗೆ ಅಣ್ಣ ಸ್ನೇಹಿತನಿಂದ ಕಡ ತಂದದ್ದು ಇದರ ಎರಡನೇ ಭಾಗ, ಸೂಪರ್ ಕಾಂಟ್ರಾ. ಎರಡನೆಯದು ಎಂಬ ಕಾರಣಕ್ಕೇ ನನಗೆ ಅದರ ಮೇಲೆ ಮಮತೆ ಉಕ್ಕಿತು. ಊದಿ ಊದಿ ಕ್ಯಾಸೆಟ್ ಹಾಕಿದೆವು. ಹೆಲಿಕಾಪ್ಟರಿನಿಂದ ನಾವಿಬ್ಬರೂ ಇಳಿದೆವು. ಅಣ್ಣ ಗಂಭೀರವಾಗಿ ಮಂತ್ರ ಒತ್ತಿದ್ದ. ಮೂರೇ ಲೈಫು ಬಂದವು. ಮತ್ತೆ ಒತ್ತಿದ. ಮೂರೇ. ರಿಮೋಟನ್ನು ತೊಡೆಗೆ ಬಡಿದು ಒತ್ತಿದ. ಮೂರೇ. ಮೊದಲ ಭಾಗದಲ್ಲಿ ಪರದೆಯ ಒಳಒಳಗೆ ನುಗ್ಗುವ ಓಣಿಗಳಿದ್ದರೆ, ಇದರಲ್ಲಿ ಅವುಗಳ ಜಾಗದಲ್ಲಿ ಮೇಲಿನಿಂದ ಕಾಣುವ ಸ್ಟೇಜು. ಮಾಳಿಗೆ ಮೇಲೆ ನಿಂತು ಅಂಗಳದ ಜಗಳ ನೋಡಿದಂತೆ. ಅಲ್ಲಿ ನಮ್ಮ ತಲೆ, ಭುಜ ಬಿಟ್ಟು ಹೆಚ್ಚೇನೂ ಕಾಣುತ್ತಿರಲಿಲ್ಲ. ಆ ರಜೆಯಲ್ಲಿ ನಾವು ಮೂರನೇ ಸ್ಟೇಜು ದಾಟಲಿಲ್ಲ. ಅಣ್ಣ ತಪ್ಪನ್ನೆಲ್ಲ ಆಟದ ಮೇಲೆ ಹಾಕಿದ. ‘ಎರಡನೇದು ಯಾವತ್ತೂ ಮೊದಲನೇದರ ಥರ ಇರಲ್ಲ ಕಣೋ’ ಅಂದ. ನನ್ನ ಮುಖ ನೋಡಿಕೊಂಡೇ ಅಂದ.

ಅಸಲಿಗೆ ಸೂಪರ್ ಕಾಂಟ್ರಾ ಮನೆಯಲ್ಲಿ ಹುಟ್ಟಿದ ಆಟವೇ ಅಲ್ಲ. 1988ರಲ್ಲಿ ಆರ್ಕೇಡಿಗೆ, ಅಂದರೆ ಕಾಸು ಹಾಕಿ ಆಡುವ ದೊಡ್ಡ ಪೆಟ್ಟಿಗೆಗೆ, ಬಂದದ್ದು. ಮನೆಯ ಯಂತ್ರಕ್ಕೆ 1990ರಲ್ಲಿ ಇಳಿಯಿತು. ಇವೆರಡರ ಸಂಬಂಧ ಹೋಟೆಲಿನ ಮಸಾಲೆ ದೋಸೆಗೂ ಅಮ್ಮನ ಮಸಾಲೆ ದೋಸೆಗೂ ಇರುವಂಥದ್ದು. ಹೋಟೆಲಿನ ಕಾವಲಿ ದೊಡ್ಡದು, ಉರಿ ಜೋರು, ಬಣ್ಣ ಗರಿಗರಿ. ಆದರೆ ಅವರಿಗೆ ನೀವು ತಿಂದು ಬೇಗ ಎದ್ದರೆ ಲಾಭ. ಆರ್ಕೇಡ್ ಪೆಟ್ಟಿಗೆಯೂ ನಿಮ್ಮನ್ನು ಬೇಗ ಕೊಂದರೆ ಮಾತ್ರ ಇನ್ನೊಂದು ಕಾಸು ಕಾಣುತ್ತದೆ. ಮನೆಯ ಕ್ಯಾಸೆಟ್ಟಿಗೆ ದುಡ್ಡು ಮೊದಲೇ ಕೊಟ್ಟಾಗಿದೆ. ಅಲ್ಲಿ ಬೇಗ ಮುಗಿದರೆ ಗಿರಾಕಿ ಬೈಯುತ್ತಾನೆ. ಅಮ್ಮನ ಕಾವಲಿ ಚಿಕ್ಕದು, ಬಣ್ಣವೂ ಮಂಕು, ಆದರೆ ‘ಇನ್ನೊಂದು ಹಾಕಲಾ?’ ಎನ್ನುವ ದನಿ ನಿಲ್ಲುವುದಿಲ್ಲ. ಲೆಕ್ಕ ನೋಡಿ: ಆರ್ಕೇಡಿನ ಸೂಪರ್ ಕಾಂಟ್ರಾದಲ್ಲಿ ಸ್ಟೇಜು ಐದು, ಮನೆಯದರಲ್ಲಿ ಎಂಟು.

ಯೂರೋಪಿಗೆ ಹೋದ ಕ್ಯಾಸೆಟ್ಟಿನಲ್ಲಿ ನಮ್ಮ ಬರಿಮೈ ವೀರರನ್ನು ತೆಗೆದು ರೋಬೋಟುಗಳನ್ನು ಕೂರಿಸಿ, ಪ್ರೋಬೊಟೆಕ್ಟರ್ 2 ಎಂದು ಹೆಸರಿಟ್ಟರು. ಅಜ್ಜಿ ಇದ್ದಿದ್ದರೆ ಅಷ್ಟಾದರೂ ಸಮಾಧಾನಪಡುತ್ತಿದ್ದಳು. ಅಮೆರಿಕದಲ್ಲಿ ಹೆಸರನ್ನೇ ಕತ್ತರಿಸಿ ಬರೀ ‘ಸೂಪರ್ ಸಿ’ ಮಾಡಿದರು. ಅಲ್ಲಿ ಮಂತ್ರವೂ ಬೇರೆ: ಬಲ, ಎಡ, ಕೆಳಗೆ, ಮೇಲೆ, ಎ, ಬಿ. ಫಲ ಹತ್ತು ಲೈಫು. ದೇವರು ಬದಲಾದ ಮೇಲೂ ನಾವು ಹಳೇ ಮಂತ್ರ ಜಪಿಸುತ್ತಿದ್ದೆವು, ಪ್ರಸನ್ನನಾಗುವುದು ಹೇಗೆ? ಮೊದಲನೆಯದಕ್ಕೆ ಮೂವತ್ತು, ಎರಡನೆಯದಕ್ಕೆ ಹತ್ತು ಎಂಬ ಲೆಕ್ಕ ಮಾತ್ರ ನನಗೆ ಆಶ್ಚರ್ಯ ತರಲಿಲ್ಲ. ನಮ್ಮ ಮನೆಯಲ್ಲಿ ಹಬ್ಬದ ಕಾಸು ಹಂಚುತ್ತಿದ್ದದ್ದೂ ಸುಮಾರಾಗಿ ಹಾಗೆಯೇ.

2019ರಲ್ಲಿ ಕೊನಾಮಿ ಈ ಆಟಗಳನ್ನು, ಆರ್ಕೇಡಿನದು ಮನೆಯದು ಎರಡನ್ನೂ, ಒಟ್ಟಿಗೆ ಸೇರಿಸಿ ಮತ್ತೆ ಬಿಟ್ಟಿತು. ತಡವಾಗಿಯಾದರೂ ಕೊಂಡೆ. ಹೋಟೆಲ್ ದೋಸೆಯ ರುಚಿ ಕಂಡದ್ದು ಆಗಲೇ. ಐದು ನಿಮಿಷದಲ್ಲಿ ಸತ್ತೆ.

ಯುಗಾದಿಗೆ ಅಣ್ಣ ಮನೆಗೆ ಬಂದಿದ್ದ. ಒಬ್ಬಟ್ಟಿನ ಊಟವಾದ ಮೇಲೆ ಟಿವಿ ಮುಂದೆ ಕೂತೆವು. ಯಂತ್ರ ನಾನು ದುಡ್ಡು ಕೊಟ್ಟು ತಂದದ್ದು, ಹಾಗಾಗಿ ಮೊದಲನೇ ರಿಮೋಟು ನನ್ನ ಕೈಯಲ್ಲಿ. ಹೊಸ ಮಂತ್ರ ಒತ್ತಿದೆ. ಹತ್ತು ಲೈಫು. ಅಣ್ಣ ಕೆಂಪು ಚಡ್ಡಿ ತೊಟ್ಟು ಹೆಲಿಕಾಪ್ಟರಿನಿಂದ ಇಳಿದ. ಈಗ ಅವನಿಗೆ ಸಕ್ಕರೆ ಕಾಯಿಲೆ, ಅದರ ಮೇಲೆ ಒಬ್ಬಟ್ಟು ಮೂರು. ಎರಡನೇ ಸ್ಟೇಜಿನ ನಡುವೆ ಕೂತಲ್ಲೇ ಮಿಸುಕಾಡತೊಡಗಿದ.

‘ಒಂದ್ನಿಮಿಷ ನಿಲ್ಸೋ, ಬಾತ್‌ರೂಮಿಗೆ ಹೋಗ್ಬೇಕು.’

‘ಈ ಸ್ಟೇಜ್ ಮುಗೀಲಿ ತಡಿ ಅಣ್ಣ’ ಅಂದೆ.