ವಾಷರ್ ರಾಯರು

ನಾಗರಬಾವಿ ಎರಡನೇ ಹಂತದ ಯಾವ ಅಡ್ಡರಸ್ತೆಗೆ ನುಗ್ಗಿದರೂ ಒಬ್ಬರು ವಾಷರ್ ರಾಯರು ಸಿಕ್ಕೇ ಸಿಗುತ್ತಾರೆ. ಕೆಲವು ರಸ್ತೆಗಳಲ್ಲಿ ಅವರು ಶೆಟ್ಟರು, ಕೆಲವು ಕಡೆ ಪಾಟೀಲರು, ಇನ್ನು ಕೆಲವು ಕಡೆ ಮೂರ್ತಿಗಳು. ಹೆಸರು ಏನೇ ಇರಲಿ, ಗುರುತು ಒಂದೇ. ಲೋಕದಲ್ಲಿ ಏನು ಕೆಟ್ಟರೂ ಅವರು ಕನ್ನಡಕ ಮೇಲೇರಿಸಿ ನೋಡಿ ಹೇಳುವುದು ಒಂದೇ ಮಾತು: "ಏನೂ ಆಗಿಲ್ಲ ಕಣ್ರೀ, ಬರೀ ವಾಷರ್ ಹೋಗಿದೆ." ನಲ್ಲಿ ಸೋರಿದರೆ ವಾಷರ್. ಕುಕ್ಕರ್ ಕೂಗದಿದ್ದರೆ ವಾಷರ್. ಮೋಟಾರ್ ನೀರೆತ್ತದಿದ್ದರೆ ವಾಷರ್. ಸಮ್ಮಿಶ್ರ ಸರ್ಕಾರ ಬಿದ್ದಾಗಲೂ ಪಾರ್ಕಿನ ಬೆಂಚಿನ ಮೇಲೆ ಇದೇ ತೀರ್ಪು ಹೊರಬಿದ್ದಿದ್ದನ್ನು ಕಿವಿಯಾರೆ ಕೇಳಿದ್ದೇನೆ. ವಾಷರಿನ ಬೆಲೆಯ ಬಗ್ಗೆಯೂ ರಾಯರಿಗೆ ಅನುಮಾನವಿಲ್ಲ: ನಾಲ್ಕಾಣೆ. ಕೇಂದ್ರ ಸರ್ಕಾರ ನಾಲ್ಕಾಣೆ ನಾಣ್ಯವನ್ನು 2011ರ ಜೂನ್ 30ಕ್ಕೆ ಚಲಾವಣೆಯಿಂದಲೇ ತೆಗೆದುಹಾಕಿತು. ವಾಷರ್ ಮಾತ್ರ ಆ ರೇಟು ಬಿಟ್ಟು ಕದಲಿಲ್ಲ.

ನಮ್ಮ ರಸ್ತೆಯ ರಾಯರು ಎ.ಜಿ. ಆಫೀಸಿನಲ್ಲಿ ಆಡಿಟ್ ಮಾಡಿ ನಿವೃತ್ತರಾದವರು. ಬಿಡಿಎ ಸೈಟು, ಕೆಳಗೆ ಸ್ವಂತಕ್ಕೆ, ಮೇಲೆ ಎರಡು ಬಾಡಿಗೆ ಮನೆ, ಗೇಟಿನ ಪಕ್ಕ ಒಂದು ತೆಂಗು. ಆಫೀಸು ಬಿಟ್ಟರೂ ಆಡಿಟ್ ಬಿಟ್ಟಿಲ್ಲ. ಬೆಳಿಗ್ಗೆ ಆರಕ್ಕೆ ನಂದಿನಿ ಬೂತಿನಲ್ಲಿ ಮೊದಲ ಆಕ್ಷೇಪಣೆ ದಾಖಲಾಗುತ್ತದೆ. 2024ರ ಜೂನಿನಲ್ಲಿ ಹಾಲಿನ ಪ್ಯಾಕೆಟ್ಟಿಗೆ 50 ಎಂ.ಎಲ್. ಹೆಚ್ಚು ಹಾಕಿ 2 ರೂಪಾಯಿ ಏರಿಸಿದರಲ್ಲ, ಆಗ ರಾಯರು ವಾರಗಟ್ಟಲೆ ಸಿಟ್ಟಾಗಿದ್ದರು. "ನನಗೆ ಬೇಡವಾದ ಹಾಲನ್ನ ನನ್ನ ತಲೆಗೆ ಯಾಕೆ ಕಟ್ಟಿದ್ರು?" 2025ರ ಏಪ್ರಿಲ್ 1ರಂದು ಲೀಟರಿಗೆ 4 ರೂಪಾಯಿ ಏರಿತು, ಆ ಹೆಚ್ಚುವರಿ ಹಾಲೂ ವಾಪಸಾಯಿತು. ಅಂದಿನಿಂದ ಬೇಡವಾದ ಅದೇ ಹಾಲಿಗಾಗಿ ರಾಯರು ಹಂಬಲಿಸುತ್ತಿದ್ದಾರೆ. "ಎಲ್ಲಯ್ಯಾ ನನ್ನ ಐವತ್ತು ಎಂ.ಎಲ್.?" ಎಂದು ಬೂತಿನ ಹುಡುಗನನ್ನು ಕೇಳುತ್ತಾರೆ. ಅವನು ಕ್ರೇಟಿನ ಹಿಂದೆ ಮುಖ ಮರೆಸಿಕೊಳ್ಳುತ್ತಾನೆ.

ಹಾಗೆಂದು ಎಲ್ಲ ಏರಿಕೆಯೂ ಬೆಲೆಯೇರಿಕೆಯಲ್ಲ. ಮಹಡಿ ಮೇಲಿನ ಲಾ ಸ್ಕೂಲ್ ಹುಡುಗರ ಬಾಡಿಗೆ ಹನ್ನೊಂದು ತಿಂಗಳಿಗೊಮ್ಮೆ ಏರುವುದಕ್ಕೆ "ಪರಿಷ್ಕರಣೆ" ಎನ್ನುತ್ತಾರೆ.

ರಾಯರ ವಾಕಿಂಗಿನ ದಾರಿಯಲ್ಲೇ ಐಸೆಕ್ ಇದೆ. ಭಾರತದ ರಾಷ್ಟ್ರೀಯ ವರಮಾನವನ್ನು ಲೆಕ್ಕ ಹಾಕಿದ ಮೊದಲಿಗರಲ್ಲಿ ಒಬ್ಬರಾದ ವಿ.ಕೆ.ಆರ್.ವಿ. ರಾವ್ 1972ರಲ್ಲಿ ಕಟ್ಟಿದ ಸಂಸ್ಥೆ. ಒಳಗೆ ಮರಗಳ ನೆರಳಲ್ಲಿ ಅರ್ಥಶಾಸ್ತ್ರಜ್ಞರು ಕೂತು ಬಡತನ, ಬೇಸಾಯ, ಬೆಲೆಗಳ ಬಗ್ಗೆ ಸಂಶೋಧನೆ ನಡೆಸುತ್ತಾರೆ. ಗೇಟು ದಾಟುವಾಗಲೆಲ್ಲ ರಾಯರು ಒಂದು ಕ್ಷಣ ನಿಲ್ಲುತ್ತಾರೆ. "ಅವರೂ ರಾವ್, ನಾನೂ ರಾವ್. ವ್ಯತ್ಯಾಸ ಏನು ಅಂದ್ರೆ, ನಾನು ಸ್ವತಃ ಹೋಗಿ ಸೊಪ್ಪು ತರ್ತೀನಿ." ಅವರ ಹತ್ತಿರ ನಿಜಕ್ಕೂ ಒಂದು ಪುಸ್ತಕವಿದೆ, ಕೆಂಪು ರಟ್ಟಿನದು, ಉದ್ದನೆಯದು. ಟೊಮೆಟೊ ಕಿಲೋಗೆ ನೂರು ದಾಟಿದ 2023ರ ಜುಲೈ ಅದರಲ್ಲಿ ಕೆಂಪು ಶಾಯಿಯಲ್ಲಿದೆ. ಕ್ಷೌರ, ಇಸ್ತ್ರಿ, ಮಿಕ್ಸಿ ಜಾರಿಗೆ ಬ್ಲೇಡು ಹಾಕಿಸಿದ್ದು, ಪುರೋಹಿತರ ದಕ್ಷಿಣೆ, ಎಲ್ಲಕ್ಕೂ ಒಂದೊಂದು ಪುಟ. ರಸ್ತೆಯಲ್ಲಿ ಯಾರಿಗೆ ಯಾವುದರ ರೇಟು ಬೇಕಾದರೂ ರಾಯರನ್ನೇ ಕೇಳುವುದು ವಾಡಿಕೆ.

ಬೆಲೆಯೇರಿಕೆ ಅವರಿಗೆ ದುಃಖ ಕೊಡುವುದೇನೋ ನಿಜ. ಆದರೆ ಅಭಾವ ಬಂತೆಂದರೆ ಮುಖದಲ್ಲಿ ಕಳೆ ಬರುತ್ತದೆ. ಗ್ಯಾಸಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾದಿದ್ದು, ಸ್ಕೂಟರ್ ಬುಕ್ ಮಾಡಿ ಅದು ಬರುವಷ್ಟರಲ್ಲಿ ಮಗ ಶಾಲೆಗೆ ಸೇರಿದ್ದು, ಸೀಮೆಎಣ್ಣೆ ಕ್ಯೂನಲ್ಲಿ ಡಬ್ಬವನ್ನು ಪ್ರತಿನಿಧಿಯಾಗಿ ನಿಲ್ಲಿಸಿ ಕಾಫಿ ಕುಡಿದು ಬಂದಿದ್ದು. ಈ ವಿದ್ಯೆಗಳೆಲ್ಲ ತುಕ್ಕು ಹಿಡಿಯುತ್ತಿವೆಯಲ್ಲ ಎಂಬ ಕೊರಗು ಅವರಿಗೆ. 2023ರ ಜುಲೈ 20ರಂದು ಕೇಂದ್ರ ಸರ್ಕಾರ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿದಾಗ ಟೆಕ್ಸಾಸಿನಿಂದ ಮಗ ಫೋನು ಮಾಡಿದ: ಇಂಡಿಯನ್ ಸ್ಟೋರಿನಲ್ಲಿ ಸೋನಾ ಮಸೂರಿಗೆ ಕ್ಯೂ, ಒಬ್ಬರಿಗೆ ಒಂದೇ ಚೀಲ. ರಾಯರ ಕಣ್ಣಲ್ಲಿ ನೀರು ಬಂತು, ಹೆಮ್ಮೆಯದು. "ಕ್ಯೂನಲ್ಲಿ ಎಷ್ಟನೆಯವನು ನೀನು? ಮೊದಲು ನಿನ್ನ ಹಿಂದೆ ನಿಂತೋರ ಪರಿಚಯ ಮಾಡ್ಕೋ." ರಫ್ತು ನಿಂತರೆ ಇಲ್ಲಿ ಅಕ್ಕಿ ಹೆಚ್ಚಾಗಬೇಕೇ ಹೊರತು ಕಡಿಮೆಯಾಗಬಾರದು ಎಂದು ಯಾರೋ ಹೇಳಿದರು. ರಾಯರು ಕಿವಿಗೆ ಹಾಕಿಕೊಳ್ಳದೆ ಎರಡು ಮೂಟೆ ತರಿಸಿದರು. ಹುಳು ಬಿದ್ದ ಆ ಅಕ್ಕಿಯನ್ನು ಅವರ ಹೆಂಡತಿ ಮಹಡಿಯ ಮೇಲೆ ಹರವಿದ್ದನ್ನು ದಸರೆಯವರೆಗೂ ನೋಡಿದ್ದೇವೆ.

ರಾಯರ ಅತಿ ದೊಡ್ಡ ವ್ಯಥೆ ಅಕ್ಕಿಯದಲ್ಲ, ಹಾಲಿನದಲ್ಲ. ಕೆಲಸದವರದು. "ಕೈಕೆಲಸ ಅನ್ನೋದೇ ಸತ್ತುಹೋಯ್ತು ಕಣ್ರೀ!" ಇದನ್ನು ಹೇಳುವಾಗ ಅವರ ಧ್ವನಿ ನಿಜಕ್ಕೂ ಒದ್ದೆಯಾಗುತ್ತದೆ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವನು ರಸ್ತೆಯ ತುದಿಯಲ್ಲಿ ತಿದಿ ಹೂಡಿ, ಕಾದ ಕೊಳಗಕ್ಕೆ ನವಸಾಗರ ತೂರಿ, ತವರದ ಕಡ್ಡಿ ಮುಟ್ಟಿಸಿ, ಬಟ್ಟೆಯಿಂದ ಒಂದು ಸುತ್ತು ಉಜ್ಜಿದರೆ ಒಳಗೆ ಬೆಳ್ಳಿ ಬೆಳಗುತ್ತಿದ್ದುದನ್ನು ಅವರು ಎಷ್ಟು ಚೆನ್ನಾಗಿ ವರ್ಣಿಸುತ್ತಾರೆಂದರೆ, ಆ ಹೊಗೆಗೆ ನಮಗೇ ಕೆಮ್ಮು ಬರಬೇಕು. ಈಗ ಅವನೆಲ್ಲಿ? ತವರದ ಬೆಲೆ ಕೇಳಿದರೆ ತಲೆ ತಿರುಗುತ್ತದೆ, ಮನೆಯ ಪಾತ್ರೆಗಳೆಲ್ಲ ಸ್ಟೀಲಾಗಿವೆ. ಅವನು ಬರುವುದಾದರೂ ಯಾಕೆ? ಈ ಕಾರಣಗಳು ರಾಯರಿಗೆ ಗೊತ್ತು. ಗೊತ್ತಿದ್ದೂ ಕೊನೆಯ ಸಲ ಅವನು ಬಂದಾಗ ಪಾತ್ರೆಗೆ ಇಷ್ಟೆಂದು ಅವನು ಹೇಳಿದ್ದನ್ನು ಒಪ್ಪದೆ, ಇಂಚಿನ ಲೆಕ್ಕದಲ್ಲಿ ಮಾತಾಡೋಣವೆಂದು ಮನೆಯೊಳಗಿಂದ ಟೇಪು ತಂದಿದ್ದರು.

ಗಡಿಯಾರದ ಕಥೆಯೂ ಹೀಗೇ. ರಾಯರ ಕೈಯಲ್ಲಿ ಎಚ್‌ಎಂಟಿ ಜನತಾ ಇದೆ. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿಯ ಗಡಿಯಾರ ಕಾರ್ಖಾನೆ ದೇಶದ ಮಣಿಕಟ್ಟನ್ನೆಲ್ಲ ಆಳಿತು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಅಂದು ರಾಯರು ಮಧ್ಯಾಹ್ನದ ಊಟ ಬಿಟ್ಟರು ಎಂದು ಪ್ರತೀತಿ. ಆ ವಾಚಿಗೆ ವಿಜಯನಗರದಲ್ಲಿ ಒಬ್ಬ ರಿಪೇರಿಯವನಿದ್ದ. ಎರಡಡಿ ಗಾಜಿನ ಪೆಟ್ಟಿಗೆ, ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ. ಹೊಸ ಬಿಡಿಭಾಗ ಸಿಗದ ಕಾಲಕ್ಕೆ ಅವನು ಸತ್ತ ಗಡಿಯಾರಗಳನ್ನು ಬಿಚ್ಚಿ, ಅವುಗಳ ಚಕ್ರ, ಸ್ಪ್ರಿಂಗುಗಳಿಂದ ಬದುಕಿರುವವನ್ನು ನಡೆಸುತ್ತಿದ್ದ. ಸರ್ವಿಸಿಗೆ ಮುನ್ನೂರು ಕೇಳಿದ. "ಒಂದು ಹನಿ ಎಣ್ಣೆಗೆ ಮುನ್ನೂರಾ? ಎಣ್ಣೆ ನಾನೇ ತಂದ್ಕೊಡ್ಲಾ?" ಎಂದರು ರಾಯರು. ಈಗ ಅಲ್ಲಿ ಮೋಮೋ ಮಾರುತ್ತಾರೆ. ರಾಯರು ಆ ಕಡೆ ಹೋದಾಗಲೆಲ್ಲ ನಿಟ್ಟುಸಿರು ಬಿಡುತ್ತಾರೆ: "ಎಂಥ ಕೈ ಅವನದು! ಉಳಿಸ್ಕೊಳ್ಳೋಕಾಗ್ಲಿಲ್ಲ ನಮ್ಮ ಜನಕ್ಕೆ."

ಅವರ ಮಗನಿಗೂ ಚಿಕ್ಕಂದಿನಲ್ಲಿ ರೇಡಿಯೋ ಬಿಚ್ಚುವ ಹುಚ್ಚಿತ್ತಂತೆ. ಐಟಿಐ ಸೇರುತ್ತೇನೆಂದನಂತೆ. "ಸ್ಕ್ರೂಡ್ರೈವರ್ ಹಿಡಿದವನಿಗೆ ಹೆಣ್ಣು ಕೊಡೋರು ಯಾರು?" ಎಂದು ರಾಯರು ಕಂಪ್ಯೂಟರಿಗೆ ತಳ್ಳಿದರು. ಈಗ ಅವನು ಟೆಕ್ಸಾಸಿನಲ್ಲಿ ಯೂಟ್ಯೂಬ್ ನೋಡಿಕೊಂಡು ತನ್ನ ಮನೆಯ ನಲ್ಲಿಯನ್ನು ತಾನೇ ರಿಪೇರಿ ಮಾಡುತ್ತಾನೆ. ಅಲ್ಲಿ ಪ್ಲಂಬರನ್ನು ಕರೆಸುವುದು ಸಾಫ್ಟ್‌ವೇರಿನವರ ಕೈಗೂ ಎಟುಕದಂತೆ. ರಾಯರು ಇದನ್ನು ರೂಪಾಯಿಗೆ ಪರಿವರ್ತಿಸಿ ಪಾರ್ಕಿನಲ್ಲಿ ಎಲ್ಲರಿಗೂ ಹೇಳುತ್ತಾರೆ. "ನೋಡಿ, ಕೈಕೆಲಸಕ್ಕೆ ಆ ದೇಶ ಎಂಥ ಬೆಲೆ ಕೊಡತ್ತೆ!"

ಇಂಥ ರಾಯರ ಮನೆಯ ಬಚ್ಚಲ ನಲ್ಲಿ ಹೋದ ತಿಂಗಳು ತೊಟ್ಟಿಕ್ಕತೊಡಗಿತು. ರಾಯರು ಉತ್ಸಾಹದಿಂದ ಬಿಸ್ಕತ್ತಿನ ಡಬ್ಬ ಇಳಿಸಿದರು. ಅರ್ಧ ಇಂಚು, ಮುಕ್ಕಾಲು ಇಂಚು, ರಬ್ಬರು, ಚರ್ಮ, ಫೈಬರು, ಎಲ್ಲ ಜಾತಿಯ ವಾಷರೂ ಅದರಲ್ಲಿವೆ. ಕಾಫಿ ಕುಡಿದು, ಪಂಚೆ ಎತ್ತಿ ಕಟ್ಟಿ, ನಲ್ಲಿ ಬಿಚ್ಚಿದರು. ಒಳಗೆ ವಾಷರೇ ಇಲ್ಲ! ಕಾಲು ಸುತ್ತಿಗೇ ನೀರು ಬಿಡುವ ಈಗಿನ ನಲ್ಲಿಗಳಲ್ಲಿ ಎರಡು ಸೆರಾಮಿಕ್ ಬಿಲ್ಲೆಗಳು ಒಂದರ ಮೇಲೊಂದು ಜರುಗಿ ನೀರನ್ನು ಬಿಡುತ್ತವೆ, ತಡೆಯುತ್ತವೆ. ಅದು ಕೆಟ್ಟರೆ ಒಳಗಿನ ಸೆಟ್ಟನ್ನೇ ಬದಲಿಸಬೇಕು. ಒಂದು ಕಂಪನಿಯದು ಇನ್ನೊಂದಕ್ಕೆ ಕೂರುವುದಿಲ್ಲ, ಹಳೆಯ ಮಾಡೆಲಿನದು ಅಂಗಡಿಯಲ್ಲಿ ಇರುವುದಿಲ್ಲ. ಒಂದು ಜೀವಮಾನದ ಸಿದ್ಧಾಂತ ಬಕೆಟ್ಟಿಗೆ ಬಿದ್ದಿತ್ತು. ಮಧ್ಯಾಹ್ನ ಮೂಡಲಪಾಳ್ಯದಿಂದ ಪ್ಲಂಬರ್ ಬಂದ.

"ಸಾರ್, ಸ್ಪಿಂಡಲ್ ಹೋಗಿದೆ. ಇದಕ್ಕೆ ಸ್ಪೇರ್ ಬರಲ್ಲ. ಹೊಸ ಟ್ಯಾಪೇ ಹಾಕ್ಬೇಕು."

"ಬರಲ್ಲ ಅಂದ್ರೇನಯ್ಯಾ? ರೈಟ್ ಟು ರಿಪೇರ್ ಗೊತ್ತಾ ನಿನಗೆ? ಸೆಂಟ್ರಲ್ ಗೌರ್ಮೆಂಟು 2022ರ ಡಿಸೆಂಬರಿನಲ್ಲೇ ಪೋರ್ಟಲ್ ಮಾಡಿದೆ."

"ಪೋರ್ಟಲ್‌ನಲ್ಲಿ ಸ್ಪಿಂಡಲ್ ಕೊಡ್ತಾರಾ ಸಾರ್?"

ರಾಯರು ಫೋನಿನಲ್ಲಿ ನೋಡಿದರು. ಅದರಲ್ಲಿ ಕೃಷಿ ಯಂತ್ರ, ಮೊಬೈಲು, ಫ್ರಿಜ್ಜಿನಂಥ ಗೃಹೋಪಕರಣ, ಕಾರು, ಬೈಕುಗಳ ಮಾತಿತ್ತು. ಬಚ್ಚಲ ನಲ್ಲಿಯ ಮಾತಿರಲಿಲ್ಲ. ಫೋನು ಜೇಬಿಗಿಳಿಯಿತು. ಕೂಲಿಯ ಮಾತು ಮೇಲೆದ್ದಿತು.

"ಎಷ್ಟು?"

"ಆರುನೂರು ಕೊಡಿ ಸಾರ್. ಟ್ಯಾಪು ನೀವೇ ತಂದ್ಕೊಡಿ."

"ಎರಡು ನಿಮಿಷದ ಕೆಲಸಕ್ಕೆ ಆರುನೂರಾ?"

"ಎರಡು ನಿಮಿಷ ಅಂತೀರಲ್ಲ ಸಾರ್, ಬೆಳಿಗ್ಗೆಯಿಂದ ಬಿಚ್ಚಿಟ್ಕೊಂಡು ಕೂತಿದೀರಂತೆ? ಅಮ್ಮ ಹೇಳಿದ್ರು."

ಒಳಗಿನಿಂದ ಪಾತ್ರೆ ಸದ್ದು ಜೋರಾಯಿತು. ರಾಯರು ಪ್ಲಾಸ್ಟಿಕ್ ಕುರ್ಚಿ ಎಳೆದು ಬಚ್ಚಲ ಬಾಗಿಲಿಗೆ ಹಾಕಿಕೊಂಡು, ಟಾರ್ಚು ಹಿಡಿದು ಕೂತರು. ಆ ಕುರ್ಚಿ ಬಂತೆಂದರೆ ಕೆಲಸದವನ ಎದೆ ಕುಸಿಯುತ್ತದೆ. ಸ್ಪ್ಯಾನರ್ ಎಡಗೈಲಿ ಯಾಕೆ? ಟೆಫ್ಲಾನ್ ಟೇಪು ಇಷ್ಟು ಸುತ್ತು ಯಾಕೆ? ಹಳೇ ನಲ್ಲಿ ಚೀಲಕ್ಕೆ ಯಾಕೆ ಹಾಕ್ತಿದೀಯ, ಅದು ಹಿತ್ತಾಳೆ, ಇಲ್ಲಿಡು. ತಮ್ಮ ಏನು ಓದ್ತಿದಾನೆ? ಬಿಸಿಎ? ಭೇಷ್, ಈ ಕೆಲಸಕ್ಕೆ ಮಾತ್ರ ಹಾಕಬೇಡ. ಪ್ಲಂಬರನ ಫೋನು ಅಷ್ಟರಲ್ಲಿ ನಾಲ್ಕು ಸಲ ಹೊಡೆದುಕೊಂಡಿತ್ತು. ಸುತ್ತಲಿನ ಅಪಾರ್ಟ್‌ಮೆಂಟುಗಳಲ್ಲಿ ಕೇಳಿದ್ದಷ್ಟು ಕೊಟ್ಟು, ಕಾಫಿಯನ್ನೂ ಕೊಡುವವರು ಕಾಯುತ್ತಿದ್ದರು. ಅವನು ಟೇಪು ಸುತ್ತುವುದನ್ನು ಅರ್ಧಕ್ಕೇ ನಿಲ್ಲಿಸಿ, "ಸಾರ್, ಒಂದು ವಾಷರ್ ತಂದ್ಬಿಡ್ತೀನಿ" ಎಂದು ಹೋದ. ಬರಲಿಲ್ಲ.

ಸಂಜೆ ಪಾರ್ಕಿನಲ್ಲಿ ರಾಯರು ಎದುರು ಮನೆಯ ಗೌಡರ ಮುಂದೆ ಇದನ್ನೆಲ್ಲ ತೋಡಿಕೊಂಡರು. ಗೌಡರು ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಲೇತ್ ಮುಂದೆ ನಿಂತು ಆಯಸ್ಸು ಸವೆಸಿದ ಟರ್ನರು. ಒಂದು 'ಥೌ', ಅಂದರೆ ಇಂಚಿನ ಸಾವಿರದಲ್ಲೊಂದು ಪಾಲು, ಏರುಪೇರಾದರೂ ಬೆರಳಲ್ಲೇ ಹೇಳಬಲ್ಲರು. ಅವರಿಗೆ ಬರುವುದು ಇಪಿಎಸ್ ಪಿಂಚಣಿ. ಅದರ ಕನಿಷ್ಠ ಮೊತ್ತವನ್ನು 2014ರ ಸೆಪ್ಟೆಂಬರಿನಲ್ಲಿ 1,000 ರೂಪಾಯಿ ಎಂದು ಗೊತ್ತುಮಾಡಿದರು. ಅದಕ್ಕೆ ತುಟ್ಟಿಭತ್ಯೆ ಎಂಬುದಿಲ್ಲ. ರಾಯರಿಗಾದರೋ ಜನವರಿ, ಜುಲೈ ಬಂದರೆ ತುಟ್ಟಿ ಪರಿಹಾರ ಏರುತ್ತದೆ. 2025ರ ಜುಲೈಯಿಂದ 55 ಇದ್ದದ್ದು 58 ಪರ್ಸೆಂಟಾಯಿತು. ಗೌಡರು ಸುಮ್ಮನೆ ಕುತೂಹಲಕ್ಕೆ ಕೇಳಿದರು:

"ಅದನ್ನ ಹೆಂಗೆ ಲೆಕ್ಕ ಹಾಕ್ತಾರೆ ಸಾರ್?"

ಆಡಿಟ್ ಮಾಡಿದ ಜೀವ, ವಿವರಿಸಿದರು. ಲೇಬರ್ ಬ್ಯೂರೋದವರು ದೇಶದ 88 ಕೇಂದ್ರಗಳಿಂದ ರೇಟು ಸಂಗ್ರಹಿಸುತ್ತಾರೆ. ಅದರಿಂದ ಕೈಗಾರಿಕಾ ಕಾರ್ಮಿಕರ ಬೆಲೆ ಸೂಚ್ಯಂಕ ಕಟ್ಟುತ್ತಾರೆ. ಅದರ ಹನ್ನೆರಡು ತಿಂಗಳ ಸರಾಸರಿಯಿಂದ ಕೇಂದ್ರ ಸರ್ಕಾರದವರ ತುಟ್ಟಿಭತ್ಯೆ.

ಗೌಡರು ಸ್ವಲ್ಪ ಹೊತ್ತು ಯೋಚಿಸಿದರು. "ಕೈಗಾರಿಕಾ ಕಾರ್ಮಿಕರು ಅಂದ್ರೆ ನಾವಲ್ವಾ ಸಾರ್?"

"ಹೂಂ."

"ನಮ್ಮನೆ ಅಕ್ಕಿಬೇಳೆ ತುಟ್ಟಿಯಾಯ್ತು ಅಂತ ನಿಮಗೆ ದುಡ್ಡು ಕೊಡ್ತಾರಾ?"

"ಹಾಗಲ್ಲ ಗೌಡ್ರೇ," ರಾಯರು ಕನ್ನಡಕ ಒರೆಸಿಕೊಂಡರು, "ಅದೊಂದು ಫಾರ್ಮುಲಾ."

ಮರುದಿನ ರಾಯರು ಪಿಂಚಣಿ ಕೆಲಸಕ್ಕೆಂದು ಬ್ಯಾಂಕಿಗೆ ಹೋದಾಗ ಅವರ ಹೆಂಡತಿ ಅದೇ ಪ್ಲಂಬರಿಗೆ ಫೋನು ಹಚ್ಚಿದರು. "ಸಾರ್ ಮನೇಲಿಲ್ಲ, ಬಾ" ಎಂದರು. ಹತ್ತು ನಿಮಿಷಕ್ಕೆ ಬಂದ. ಹೊಸ ನಲ್ಲಿ ಕೂರಿಸಿದ, ಬಚ್ಚಲು ತೊಳೆದ, ಕೇಳದಿದ್ದರೂ ಅಡುಗೆಮನೆಯ ಸಿಂಕಿನ ಪೈಪು ಬಿಗಿ ಮಾಡಿದ. ಆರುನೂರು, ಜೊತೆಗೆ ಎರಡು ಚಕ್ಕುಲಿ ಇಸಿದುಕೊಂಡು ಹೋದ. ರಾಯರು ಬಂದು ನೋಡಿದರು. ತೊಟ್ಟಿಕ್ಕುತ್ತಿಲ್ಲ.

"ಎಷ್ಟು ತಗೊಂಡ?"

"ನೂರೈವತ್ತು," ಎಂದರು ಆಕೆ, ಹುರುಳಿಕಾಯಿ ನಾರು ತೆಗೆಯುತ್ತಾ.

"ನೋಡಿದ್ಯಾ! ಕುರ್ಚಿ ಹಾಕ್ಕೊಂಡು ಕೂತಿದ್ದಕ್ಕೆ ದಾರಿಗೆ ಬಂದ." ಕೆಂಪು ರಟ್ಟಿನ ಪುಸ್ತಕ ಹೊರಬಂತು: ನಲ್ಲಿ ಜೋಡಣೆ, ಕೂಲಿ, 150. ಆ ಪುಸ್ತಕದಲ್ಲಿ ಇಂಥ ನಮೂದುಗಳು ಎಷ್ಟಿವೆಯೆಂಬುದು ರಾಯರ ಹೆಂಡತಿಗೆ ಮಾತ್ರ ಗೊತ್ತು. ಟೈಲರು, ಎಲೆಕ್ಟ್ರಿಷಿಯನ್ನು, ಗ್ರೈಂಡರ್ ಕಲ್ಲಿಗೆ ಉಳಿ ಹೊಡೆಯುವವನು, ಎಲ್ಲರೂ ಆ ಮನೆಗೆ ಬ್ಯಾಂಕಿನ ವೇಳೆಯಲ್ಲಿ ಬರುವವರೇ. ನಾಗರಬಾವಿಯ ಬೆಲೆಗಳ ಚರಿತ್ರೆ ಬರೆಯಹೊರಟ ಐಸೆಕ್‌ನ ಯಾರಾದರೂ ಸಂಶೋಧಕರ ಕೈಗೆ ಅದು ಸಿಕ್ಕರೆ, ಈ ಬಡಾವಣೆಯಲ್ಲಿ ಹಣದುಬ್ಬರವೇ ಇರಲಿಲ್ಲವೆಂದು ಪ್ರಬಂಧ ಮಂಡಿಸಿಯಾರು.

ಸಂಜೆಯೊಳಗೆ ರಸ್ತೆಗೆಲ್ಲ ರೇಟು ತಿಳಿಯಿತು. ವಾಟ್ಸಾಪ್ ಗುಂಪಿನಲ್ಲಿ ರಾಯರು ಪ್ಲಂಬರನ ನಂಬರು ಹಾಕಿ, ಕೆಳಗೆ ಬರೆದರು: "ಪ್ರಾಮಾಣಿಕ ಹುಡುಗ. 150ಕ್ಕಿಂತ ಹೆಚ್ಚು ಕೊಡಬಾರದು." ಎಂಟು ಜನ ಹೆಬ್ಬೆರಳು ಎತ್ತಿದರು.

ವಾರ ಕಳೆದು, ರಾಯರು ಇಲ್ಲದ ಹೊತ್ತು ನೋಡಿಕೊಂಡು ಆ ಹುಡುಗ ಗೇಟಿನ ಹತ್ತಿರ ಬಂದು ನಿಂತ. ಮುಖ ಬಾಡಿತ್ತು.

"ಏನಮ್ಮಾ ಹಿಂಗೆ ಮಾಡ್ಬಿಟ್ರಿ? ಯಾರ ಮನೆಗೆ ಹೋದ್ರೂ ಯಜಮಾನ್ರು ನೂರೈವತ್ತೇ ಅಂತಾರೆ. ನಾನು ಬದುಕೋದು ಹೆಂಗೆ?"

ರಾಯರ ಹೆಂಡತಿ ಗೇಟಿನ ಚಿಲಕ ತೆಗೆಯುತ್ತಾ ಹೇಳಿದರು:

"ಅದಕ್ಕ್ಯಾಕಪ್ಪಾ ಯೋಚ್ನೆ ಮಾಡ್ತೀಯ? ಅವರಿಗೂ ಹೆಂಡತೀರು ಇದಾರಲ್ಲ."